ನೀಲಿ ಹಕ್ಕಿಗೆ ಹಾಕಿದ ಹುಳು

ಸ್ಕಂದಗಿರಿಯ ಬುಡದಲ್ಲಿ, ನಮ್ಮ ಹಿಪ್ಪುನೇರಳೆ ತೋಟದ ಹಿಂದೆ, ಲಂಟಾನ ಪೊದೆ ಮುಚ್ಚಿಕೊಂಡ ಒಂದು ಹಳ್ಳವಿದೆ. ಚಳಿ ಶುರುವಾದರೆ ಅಲ್ಲಿಗೊಂದು ಪುಟ್ಟ ಹಕ್ಕಿ ಬರುತ್ತಿತ್ತು. ಗುಬ್ಬಿಯಷ್ಟೇ ಗಾತ್ರ, ನೀಲಿ ಬೆನ್ನು, ಇಟ್ಟಿಗೆ ಬಣ್ಣದ ಎದೆ, ಕಣ್ಣ ಮೇಲೆ ಬಿಳಿ ಗೆರೆ. ಹಿಮಾಲಯದ ಕಾಡಿನಲ್ಲಿ ಮರಿ ಮಾಡುವ ಹಕ್ಕಿಗೆ ನಮ್ಮ ಹಳ್ಳದಲ್ಲಿ ಅದೇನು ಕಂಡಿತ್ತೋ. ಇಲ್ಲಿ ಹಾಡುವುದು ಅಪರೂಪ. ಒಣಗಿದ ಎಲೆ ಮಗುಚುತ್ತಾ, ಬಾಲ ಕುಣಿಸುತ್ತಾ ಹುಳು ಹೆಕ್ಕುವುದೇ ಕೆಲಸ. ನಾನು ಕೆಮ್ಮಿದರೆ ಸಾಕು, ಪೊದೆಯೊಳಗೆ ಮಾಯ. ನಾಲ್ಕು ಚಳಿಗಾಲ ಸೊಪ್ಪು ಕೊಯ್ಯುವ ನೆಪದಲ್ಲಿ ಹೋಗಿ ಉಸಿರು ಬಿಗಿಹಿಡಿದು ಕೂತಿದ್ದೇನೆ. ಅದು ನನ್ನದೇ ಅನ್ನಿಸಿಬಿಟ್ಟಿತ್ತು.

ಚಿಂತಾಮಣಿಯಲ್ಲಿ ಮೇಷ್ಟರಾಗಿರುವ ನನ್ನ ತಮ್ಮ ಹೊಸ ಕ್ಯಾಮೆರಾ ಕೊಂಡಾಗ ಅವನಿಗೊಬ್ಬನಿಗೆ ಆ ಜಾಗ ತೋರಿಸಿದೆ. "ಯಾರ್ಗೂ ಹೇಳ್ಬೇಡಪ್ಪ" ಅಂದೆ. "ನಿನ್ನಾಣೆ ಕಣಕ್ಕ" ಅಂದ.

ಮುಂದಿನ ವಾರ ಬಂದು ರೇಷ್ಮೆಹುಳು ಕೇಳಿದ. "ಸ್ಕೂಲ್ ಮಕ್ಕಳಿಗೆ ತೋರಿಸ್ಬೇಕು, ಒಂದ್ ಡಬ್ಬಿ ಕೊಡಕ್ಕ."

ಗೂಡು ಕಟ್ಟುವ ಮೊದಲು ಒಳ್ಳೆಯ ಹುಳುವನ್ನು ಹೊರಗೆ ಕೊಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಕೊಟ್ಟರೆ ಬೆಳೆ ಕೈಕೊಡುತ್ತದೆ ಅನ್ನುವುದು ನಮ್ಮತ್ತೆಯ ನಂಬಿಕೆ, ಈಗ ನನ್ನದೂ. ತಮ್ಮನಿಗೆ ಇಲ್ಲ ಅನ್ನಲೂ ಬಾಯಿ ಬರಲಿಲ್ಲ. ರೋಗ ತಗುಲಿದ ಹುಳುಗಳನ್ನು ಬೇರೆ ಮಾಡಿ, ಔಷಧಿ ಪುಡಿ ಉದುರಿಸಿ, ಗುಂಡಿಯಲ್ಲಿ ಹೂಳಲು ಇಟ್ಟಿದ್ದೆ. ಅದರಲ್ಲೇ ಒಂದು ಡಬ್ಬಿ ತುಂಬಿದೆ.

"ಚೆನ್ನಾಗಿದಾವೇನಕ್ಕ?"

"ಒಳ್ಳೇವೇ ಕಣೋ."

ನೋಡುವುದಕ್ಕೆ ಯಾವುದಾದರೇನು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಸೊಪ್ಪಿಗೆ ಹೋದರೆ ಹಳ್ಳದ ಅಂಚಿನಲ್ಲಿ ಐದು ಬೈಕು. ಪೊದೆ ಸವರಿ ಬೆಳಕು ಮಾಡಿಕೊಂಡು, ಉದ್ದುದ್ದ ಕ್ಯಾಮೆರಾ ಹಿಡಿದು ಆರು ಜನ ಬೋರಲು ಮಲಗಿದ್ದರು. ನಡುವೆ ನನ್ನ ತಮ್ಮ. ಎದುರಿನ ಬಂಡೆಯ ಮೇಲೆ ನಾನು ಕೊಟ್ಟ ಹುಳು. ಮೈಯೆಲ್ಲ ಉರಿದುಹೋಯಿತು. ಒಡಹುಟ್ಟಿದವನೇ ಹೀಗೆ ಮಾಡಿದರೆ ಯಾರನ್ನು ನಂಬುವುದು?

ಅಷ್ಟರಲ್ಲಿ ಹಕ್ಕಿ ಬಂತು. ನಾಲ್ಕು ವರ್ಷ ನನ್ನ ನೆರಳಿಗೂ ಹೆದರಿದ್ದು, ಅಷ್ಟು ಜನರ ಮುಂದೆ ಕುಪ್ಪಳಿಸಿಕೊಂಡು ಬಂದು ಹುಳು ನುಂಗಿತು. ನಾಚಿಕೆಗೆಟ್ಟದ್ದು ಅಂತ ಬೈದುಕೊಂಡೆ. ತಮ್ಮನಿಗಿಂತ ಅದರ ಮೇಲೇ ಹೆಚ್ಚು ಸಿಟ್ಟು ಬಂತು. ಅದು ಇನ್ನೊಂದನ್ನು ಕೊಕ್ಕಿನಲ್ಲಿ ಎತ್ತಿದಾಗಲೇ ಅವು ಎಂಥ ಹುಳು ಎಂದು ನನಗೆ ನೆನಪಾದದ್ದು.

ಓಡಿಹೋಗಿ ಬಂಡೆಯನ್ನು ಎರಡೂ ಕೈಯಿಂದ ಗುಡಿಸಿದೆ. ಹಕ್ಕಿ ಹಾರಿತು. ಕ್ಯಾಮೆರಾದವರು ಗೊಣಗಿದರು.

"ಆಣೆ ಮಾಡಿ ಊರನ್ನೇ ಕರ್ಕೊಂಡ್ ಬಂದಿದೀಯಲ್ಲೋ. ಅವು ರೋಗದ ಹುಳ, ಔಷ್ದಿ ಹಾಕಿರೋವು."

ತಮ್ಮ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. "ಒಳ್ಳೇವು ಅಂದ್ಯಲ್ಲಕ್ಕ."

ಮಾರ್ಚ್‌ವರೆಗೂ ಇರುತ್ತಿದ್ದ ಹಕ್ಕಿ ಆಮೇಲೆ ಒಂದು ದಿನವೂ ಕಾಣಲಿಲ್ಲ. ಹೆದರಿ ಬೇರೆ ಪೊದೆಗೆ ಹೋಗಿರಬೇಕು ಎಂದು ತಮ್ಮ ಫೋನಿನಲ್ಲಿ ಹೇಳಿದ. ಇರಬಹುದು. ಈ ಚಳಿಗಾಲವೂ ಬಂದಿಲ್ಲ. ಅವನು ಮೋಸ ಮಾಡಿದ ಎಂದು ಅಮ್ಮನಿಂದ ಹಿಡಿದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಎಲ್ಲರೂ ಅವನನ್ನೇ ಬೈದರು. ನಾನು ತುಂಬಿಕೊಟ್ಟಿದ್ದು ಎಂಥ ಹುಳು ಎಂದು ಅವನು ಇವತ್ತಿನವರೆಗೂ ಅವರಲ್ಲಿ ಒಬ್ಬರಿಗೂ ಹೇಳಿಲ್ಲ.