ಬಿಚ್ಚಲು ಬಾರದ ದೀಪ

ಬೆಳಗಿನ ಆರೂವರೆ. ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ಇನ್ನೂ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಪೊರಕೆ ಕೋಲಿನ ತುದಿಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಕಟ್ಟಿಕೊಂಡು ಒಬ್ಬ ಹೆಂಗಸು ಮೇಜುಗಳ ಕೆಳಗೆ ನೆಲ ಸವರುತ್ತಿದ್ದಾರೆ. ನಿನ್ನೆ ವಿದ್ಯಾರ್ಥಿಗಳು ಬೀಳಿಸಿ, ಬಗ್ಗಿ ಹುಡುಕಲು ಮೈಗಳ್ಳತನ ಮಾಡಿದ ಸ್ಕ್ರೂಗಳೆಲ್ಲ ಟಕಟಕ ಬಂದು ಅಂಟಿಕೊಳ್ಳುತ್ತವೆ. ಅವನ್ನು ಅಂಗೈಗೆ ಉದುರಿಸಿಕೊಂಡು ಎಣಿಸುತ್ತಾರೆ.

"ನಲವತ್ತಮೂರು. ಪರವಾಗಿಲ್ಲ, ಸುಧಾರಿಸಿದ್ದಾರೆ. ಮೊದಲ ವಾರ ಇನ್ನೂರು ದಾಟಿತ್ತು!"

ವಿದ್ಯಾರ್ಥಿಗಳ ಬಾಯಲ್ಲಿ ಇವರು ಸ್ಕ್ರೂ ಅಕ್ಕ. ಹಾಜರಿ ಪುಸ್ತಕದಲ್ಲಿ ಕಾರ್ಯಾಗಾರ ಸಹಾಯಕಿ. ಮೂವತ್ತೊಂದು ವರ್ಷದಿಂದ ಅದೇ ಪದ. ಇಲ್ಲಿ ಕಲಿಸುವುದು ಬಾಳಿಕೆ ಬರುವ, ಕೆಟ್ಟರೆ ರಿಪೇರಿಯಾಗುವ, ಕೊನೆಗೆ ಕಸದ ಗುಡ್ಡೆ ಸೇರದೆ ಬಿಡಿಬಿಡಿಯಾಗಿ ಮತ್ತೆ ಬಳಕೆಗೆ ಬರುವ ವಸ್ತುಗಳ ವಿನ್ಯಾಸ. ಪ್ರೊಫೆಸರ್ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುವುದು ವಾರಕ್ಕೆ ಒಂದು ಗಂಟೆ. ಉಳಿದ ಆರು ಗಂಟೆ ಅರವತ್ತನಾಲ್ಕು ಮಕ್ಕಳೂ ಸ್ಕ್ರೂ ಅಕ್ಕನ ಕೈಯಲ್ಲೇ.

ಅವರ ಪರೀಕ್ಷೆ ವಿಚಿತ್ರ. ಪ್ರತಿಯೊಬ್ಬರೂ ಒಂದು ಸ್ಟೂಲ್ ಮಾಡಬೇಕು. ಅಂಕ ಕೊಡುವ ದಿನ ಅದನ್ನು ಪಕ್ಕದವರಿಗೆ ದಾಟಿಸಬೇಕು. ಅವರು ಒಂದೇ ಸ್ಕ್ರೂಡ್ರೈವರ್ ಹಿಡಿದು, ಹತ್ತು ನಿಮಿಷದಲ್ಲಿ ಅದನ್ನು ಬಿಚ್ಚಿ, ಮತ್ತೆ ಜೋಡಿಸಿ, ಅದರ ಮೇಲೆ ಕೂರಬೇಕು. ಗೋಂದು ಹಚ್ಚಿದವರ ಮುಖ ಆ ದಿನ ನೋಡಬೇಕು.

"ಒಬ್ಬ ಮಹಾರಾಯ ಪೂರ್ತಿ ಗೋಂದಲ್ಲೇ ಅಂಟಿಸಿ, ಮೇಲೆ ಬರೀ ಸ್ಕ್ರೂ ತಲೆ ಕತ್ತರಿಸಿ ಮೆತ್ತಿದ್ದ. ತಿರುಗಿಸಿದ್ರೆ ತಲೆ ಕೈಗೇ ಬಂತು! ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ. ಆಮೇಲೆ ಸೊನ್ನೆ ಕೊಟ್ಟೆ. ಈಗಲೂ ಫೋನ್ ಮಾಡ್ತಾನೆ, ಪಾಪ."

ಈ ಹಟ ಅಪ್ಪನ ಅಂಗಡಿಯಿಂದ ಬಂದದ್ದು. ಎರಡು ಬೀದಿ ಕೂಡುವಲ್ಲಿ, ಮೂರು ಮೆಟ್ಟಿಲಿನ ಚಿಕ್ಕ ಅಂಗಡಿ. ಫ್ಯಾನು, ರೇಡಿಯೋ, ಇಸ್ತ್ರಿಪೆಟ್ಟಿಗೆ, ಏನು ಕೆಟ್ಟರೂ ಜನ ಅಲ್ಲಿಗೇ ತರುತ್ತಿದ್ದರು. ಬೆಸುಗೆಯ ಹೊಗೆ, ಯಂತ್ರದ ಎಣ್ಣೆ, ಅಪ್ಪನ ಕಫದ ಕೆಮ್ಮು. ಆ ವಾಸನೆ ಮತ್ತು ಸದ್ದು ನೆನೆದರೆ ಈಗಲೂ ಅವರ ಕಣ್ಣು ತುಂಬಿಕೊಳ್ಳುತ್ತದೆ. ಅಪ್ಪ ತೀರಿಕೊಂಡ ವರ್ಷವೇ ಇಲ್ಲಿ ಸಹಾಯಕಿ ಎಂಬ ಹೆಸರಿನಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿದರು. ಒಂಬತ್ತು ವರ್ಷ ತರಗತಿಯಲ್ಲಿ ಬಾಯಿ ಬಿಡುವಂತಿರಲಿಲ್ಲ. ಒಂದು ದಿನ ತಡೆಯಲಾರದೆ, "ಅದು ಹಾಗಲ್ಲಪ್ಪ, ಎಡಕ್ಕೆ ತಿರುಗಿಸು" ಎಂದುಬಿಟ್ಟರು. ಪ್ರೊಫೆಸರ್ ಪೊರಕೆ ಈಸಿಕೊಂಡು ಸ್ಕ್ರೂಡ್ರೈವರ್ ಕೊಟ್ಟರು.

ಪ್ರತಿ ವರ್ಷ ಅವರ ಮೊದಲ ಪಾಠ ಒಂದು ಮರದ ಮೇಜುದೀಪ. ನುಣ್ಣನೆಯದು, ಎಲ್ಲೂ ಒಂದು ಸ್ಕ್ರೂ ಕಾಣುವುದಿಲ್ಲ. ಮಕ್ಕಳು "ಆಹಾ" ಎನ್ನುತ್ತಾರೆ. ಹಾಗೆನ್ನುವ ತನಕ ಕಾದು ಅಕ್ಕ ಕಥೆ ಶುರುಮಾಡುತ್ತಾರೆ.

"ಇದು ನಾನೇ ಮಾಡಿದ್ದು. ಹತ್ತೊಂಬತ್ತು ವರ್ಷ ಆಗ. ಸ್ಕ್ರೂ ಕಂಡ್ರೆ ಅಂದಗೇಡು ಅಂತ ಎಲ್ಲ ಅಂಟಿಸಿಬಿಟ್ಟೆ. ಅಪ್ಪ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಎರಡೇ ವರ್ಷಕ್ಕೆ ಒಳಗಿನ ಸ್ವಿಚ್ ಹೋಯ್ತು. ಊರವರದ್ದೆಲ್ಲ ರಿಪೇರಿ ಮಾಡೋ ಮನುಷ್ಯ, ಮಗಳ ದೀಪ ಬಿಚ್ಚೋಕಾಗದೆ ಕೂತ. ಒಡೀರಿ ಅಪ್ಪ ಅಂದೆ. ನೀನು ಮಾಡಿದ್ದನ್ನ ನಾನು ಹೇಗಮ್ಮ ಒಡೀಲಿ ಅಂದ್ರು. ಅಂಗಡಿ ಮುಚ್ಚೋವರೆಗೂ ಅದು ಹಾಗೇ ಉರಿಯದೆ ಅವರ ಮುಂದೆ ಇತ್ತು."

ಕೇಳಿದ ಮಕ್ಕಳು ಗೋಂದಿನ ಡಬ್ಬಿಯನ್ನು ಮೆಲ್ಲಗೆ ಮೇಜಿನ ಕೆಳಗೆ ತಳ್ಳುತ್ತಾರೆ.

ಅಕ್ಕನಿಗೆ ಇನ್ನು ಎರಡು ತಿಂಗಳಿಗೆ ನಿವೃತ್ತಿ. ಅವರ ಜೊತೆಗೇ ಈ ಆರು ಗಂಟೆಯೂ ಹೋಗಲಿ, ಮೇಜುಗಳ ಜಾಗಕ್ಕೆ ಕಂಪ್ಯೂಟರ್ ಬರಲಿ ಎಂದು ಮೇಲಿನವರು ಯೋಚಿಸಿದ್ದಾರೆ. ಅಡ್ಡ ನಿಂತವಳು ಅಕ್ಕನದೇ ಹಳೆಯ ವಿದ್ಯಾರ್ಥಿನಿ, ಈಗ ಇಲ್ಲಿಯ ಕಿರಿಯ ಉಪನ್ಯಾಸಕಿ. ಸ್ಟೂಲ್ ಪರೀಕ್ಷೆಯನ್ನು ತಾನು ನಡೆಸುವುದಾಗಿ ಬರೆದುಕೊಟ್ಟಿದ್ದಾಳೆ. ಒಂದು ವರ್ಷ ನಡೆಸಿ ತೋರಿಸು ಎಂದು ಮೇಲಿನವರು ಒಪ್ಪಿದ್ದಾರೆ. ಅವಳು ಅಕ್ಕನ ಬಳಿ ಕೇಳಿದ್ದು ಒಂದನ್ನೇ.

"ಅಕ್ಕ, ಆ ದೀಪ ಇಲ್ದೆ ನಾನು ಎಷ್ಟು ಬಾಯಿ ಬಡ್ಕೊಂಡ್ರೂ ಇವರ ತಲೆಗೆ ಹೋಗಲ್ಲ."

ಅಕ್ಕ ಅಂದು ದೀಪವನ್ನು ಚೀಲಕ್ಕೆ ಹಾಕಿಕೊಂಡೇ ಹೊರಟರು. ಅಂಗಡಿ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಮೆಟ್ಟಿಲೂ ಇಲ್ಲ, ಗಲ್ಲಾಪೆಟ್ಟಿಗೆಯೂ ಇಲ್ಲ. ಅಪ್ಪನ ಕೈ ಆಡಿದ ವಸ್ತು ಅಂತ ಉಳಿದಿರುವುದು ಈ ದೀಪವೊಂದೇ. ವಾರಗಟ್ಟಲೆ ಅದನ್ನು ಸಂಜೆ ಮನೆಗೆ ಒಯ್ದು, ಬೆಳಿಗ್ಗೆ ಮತ್ತೆ ಚೀಲದಲ್ಲಿ ತಂದರು.

ಇವತ್ತು ಎಣಿಕೆ ಮುಗಿಸಿ, ಸ್ಕ್ರೂಗಳನ್ನು ಅಳತೆಗೆ ತಕ್ಕ ಡಬ್ಬಿಗಳಿಗೆ ಹಾಕುತ್ತಾರೆ. ಆಮೇಲೆ ಚೀಲದಿಂದ ದೀಪ ತೆಗೆದು, ಸೆರಗಿನಿಂದ ಒರೆಸಿ, ಕಪಾಟಿನ ನಡುವಿನ ಹಲಗೆಯ ಮೇಲಿಡುತ್ತಾರೆ. ಕಪಾಟಿಗೆ ಬೀಗ ಹಾಕಿ, ಬೀಗದಕೈಯನ್ನು ಉಪನ್ಯಾಸಕಿಯ ಮೇಜಿನ ಮೇಲೆ ಇಟ್ಟು ಬಂದು ಕೂರುತ್ತಾರೆ. ಮನೆಗೆ ಒಯ್ಯಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದರೆ, ಕೋಲಿನ ತುದಿಯ ಅಯಸ್ಕಾಂತ ಬಿಚ್ಚುತ್ತಾ ಹೇಳುತ್ತಾರೆ.

"ಅನ್ಸುತ್ತೆ. ಆದ್ರೆ ಮನೇಲಿ ಇಟ್ಕೊಂಡು ಏನ್ಮಾಡ್ಲಿ? ಹಚ್ಚೋಕಂತೂ ಬರಲ್ಲ. ಇಲ್ಲಿದ್ರೆ ತೋರಿಸೋಕಾದ್ರೂ ಬರುತ್ತೆ."