ಅಮ್ಮನ ಕುಂಕುಮ, ತಮ್ಮನ ಗೇಮು

ಈ ಸಲದ ಆಯುಧಪೂಜೆಯ ದಿನ ನಮ್ಮಮ್ಮ ಒಂದು ವಿಡಿಯೋ ಗೇಮನ್ನು ಕೊಂದಳು.

ಸಿಟ್ಟಿನಿಂದಲ್ಲ, ಭಕ್ತಿಯಿಂದ. ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂವು ಏರಿಸಿ, ಮಾವಿನೆಲೆಯಲ್ಲಿ ತೀರ್ಥ ಚಿಮುಕಿಸಿ, ಕರ್ಪೂರ ಬೆಳಗಿ. ಇಷ್ಟೆಲ್ಲ ಆದಮೇಲೆ ಯಾವ ಮಷಿನ್ ತಾನೇ ಬದುಕೀತು?

(ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ನಾನು ದೂರು ಹೇಳುತ್ತಿಲ್ಲ, ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ.)

ಗೇಮ್ ಇದ್ದದ್ದು ನನ್ನ ತಮ್ಮ ಮಂಜುವಿನ ಶೆಡ್‌ನಲ್ಲಿ, ಬೆಂಗಳೂರಿನ ಅಂಚಿನ ಜಿಗಣಿಯಲ್ಲಿ. ಪ್ಲಾಸ್ಟಿಕ್ ಕಾಳು ಕರಗಿಸಿ, ಮೋಲ್ಡಿಗೆ ಒತ್ತಿ, ಬೇಕಾದ ಆಕಾರ ತೆಗೆಯುವುದು ಅವನ ಕಸುಬು. ಇಷ್ಟು ವರ್ಷ ಅಲ್ಲಿಂದ ಹೊರಬಿದ್ದದ್ದು ಮಿಕ್ಸಿಯ ಗುಂಡಿ, ಬಕೆಟ್ಟಿನ ಹಿಡಿ, ವಾಷಿಂಗ್ ಮಷಿನ್ನಿನ ಕಾಲು. ನಿಮ್ಮ ಮನೆಯಲ್ಲೂ ಅವನು ಮಾಡಿದ್ದು ಯಾವುದಾದರೂ ಒಂದು ಇರಬಹುದು. ಆದರೆ ಇದು ನನ್ನದು ಅಂತ ಬೆರಳು ಮಾಡಿ ತೋರಿಸುವಂಥ ಒಂದು ಇಡೀ ಸಾಮಾನು ಅವನ ಶೆಡ್‌ನಿಂದ ಈವರೆಗೆ ಬಂದಿರಲಿಲ್ಲ. ಅವನಿಗೆ ಆ ಕೊರಗು ಇತ್ತು. ಹೇಳುತ್ತಿರಲಿಲ್ಲ, ಅಷ್ಟೆ.

ಈ ವರ್ಷ ಎಲೆಕ್ಟ್ರಾನಿಕ್ ಸಿಟಿಯ ಒಂದು ಪುಟ್ಟ ಕಂಪನಿ ಅವನನ್ನು ಹುಡುಕಿಕೊಂಡು ಬಂತು. ಹಳೇ ಕಾಲದ ಆಟಗಳನ್ನು ಆಡುವ, ಅಂಗೈಯಲ್ಲಿ ಹಿಡಿಯುವ ಗೇಮ್ ಮಾಡುತ್ತಾರಂತೆ. ಒಳಗಿನ ಬೋರ್ಡ್ ಅವರದು, ಹೊರಗಿನ ಮೈ ಮತ್ತು ಗುಂಡಿಗಳೆಲ್ಲ ಮಂಜುವಿನದು. ಆವತ್ತು ಅವನು ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು.

"ಅಕ್ಕಾ, ಗೇಮ್ ಆರ್ಡರ್ ಬಂತು ಕಣೇ."

ತಲೆ ನೆರೆಯುತ್ತಿರುವ ಮನುಷ್ಯ. ದನಿ ಮಾತ್ರ ಪ್ರೈಮರಿ ಸ್ಕೂಲಿನದು. ಯಾಕೆ ಅಂತ ನನಗೆ ಗೊತ್ತು.

ನಾವು ಹೆಬ್ಬಗೋಡಿಯವರು. ಕಂಪನಿಗಳು ಬರುವ ಮೊದಲಿನಿಂದಲೂ. ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ಬಾಡಿಗೆ ಮನೆ ಬೆಳೆಯುತ್ತವೆ. ನಾವಿಬ್ಬರೂ ಚಿಕ್ಕವರಿದ್ದಾಗ ಸೋದರಮಾವ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದು ಟಿವಿ ಗೇಮ್ ತಂದುಕೊಟ್ಟಿದ್ದ. ಹಳದಿ ಬಣ್ಣದ ಕ್ಯಾಸೆಟ್ಟು. ಅದರ ಮೇಲೆ ಲಕ್ಷಾಂತರ ಆಟ ಇವೆ ಅಂತ ಬರೆದಿತ್ತು. ಒಳಗೆ ಇದ್ದದ್ದು ಒಂದು ಟ್ಯಾಂಕು, ಒಂದು ಕಾರು, ಒಂದಿಷ್ಟು ಬಾತುಕೋಳಿ. ಅವೇ ಬಣ್ಣ ಬದಲಿಸಿ ಬದಲಿಸಿ ಬರುತ್ತಿದ್ದವು. ನಮಗೆ ಬೇಜಾರಾಗಿತ್ತಾ? ಯಾವತ್ತೂ ಇಲ್ಲ.

ಆನ್ ಆಗದಿದ್ದರೆ? ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಉಫ್ ಅಂತ ಊದಿ, ಮತ್ತೆ ಸಿಕ್ಕಿಸುವುದು. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತಿಬೆಲೆಯಿಂದ ಪೀಣ್ಯದವರೆಗೆ ಎಲ್ಲ ಮಕ್ಕಳೂ ಊದುತ್ತಿದ್ದರು. ಊದಿದರೆ ಏನೂ ಉಪಯೋಗವಿಲ್ಲ, ಎಂಜಲು ಬಿದ್ದು ಹಾಳಾಗುತ್ತದೆ ಅಂತ ತಿಳಿದವರು ಈಗ ಹೇಳುತ್ತಾರೆ. ಹೇಳಲಿ ಬಿಡಿ, ನಮ್ಮದಂತೂ ಊದಿದರೇ ಶುರುವಾಗುತ್ತಿತ್ತು. ಮೊನ್ನೆ ಸ್ನೇಹಿತೆಯ ಮನೆಯಲ್ಲಿ ಹೊಚ್ಚಹೊಸ ಗೇಮ್ ಬಾಕ್ಸ್ ಆನ್ ಮಾಡಿದರು. ಅದು ಪಾಸ್‌ವರ್ಡ್ ಕೇಳಿತು, ಅಪ್‌ಡೇಟ್ ಕೇಳಿತು, ಕೊನೆಗೆ ಕಾರ್ಡ್ ನಂಬರ್ ಕೇಳಿತು. ನಮ್ಮದು ಕೇಳುತ್ತಿದ್ದದ್ದು ಒಂದು ಉಸಿರು ಮಾತ್ರ.

ಆ ಗೇಮ್ ಬಂದ ವರ್ಷದ ಆಯುಧಪೂಜೆ. ಅಪ್ಪ ಮಣೆಯ ಮೇಲೆ ಕುಡುಗೋಲು, ಗುದ್ದಲಿ, ಟೆಂಪೋದ ಸ್ಪ್ಯಾನರ್ ಜೋಡಿಸಿದ್ದರು. ಅವುಗಳ ಪಕ್ಕ ಮಂಜು ಸದ್ದಿಲ್ಲದೆ ತನ್ನ ಗೇಮ್ ತಂದಿಟ್ಟ. ಅಪ್ಪ ಕಣ್ಣು ಬಿಟ್ಟರು. ಅಮ್ಮ ಮಾತ್ರ, "ಅವ್ನಿಗೆ ಅದೇ ಆಯುಧ, ಇರ್ಲಿ ಬುಡಿ" ಅಂದು ಅದಕ್ಕೂ ಕುಂಕುಮ ಇಟ್ಟಳು. ಇಟ್ಟಮೇಲೆ ಗೊತ್ತಲ್ಲ, ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಮಂಜು ಇಡೀ ದಿನ ಮಣೆಯ ಮುಂದೆ ಕೈಕಟ್ಟಿ ಕೂತಿದ್ದ. ಅಂಥ ಭಕ್ತಿಯನ್ನು ನಾನು ಆಮೇಲೆ ಯಾವ ದೇವಸ್ಥಾನದಲ್ಲೂ ನೋಡಿಲ್ಲ.

ಈಗ ಶೆಡ್ಡಿಗೆ ಬನ್ನಿ. ಪೂಜೆಗೆ ಅಮ್ಮ ಪ್ರತಿ ವರ್ಷ ಹೋಗುತ್ತಾಳೆ. ಈ ವರ್ಷ ಟೇಬಲ್ಲಿನ ಮೇಲೆ ಆ ಗೇಮ್ ಇತ್ತು. ಆಟ ಓಡುವ ಸ್ಯಾಂಪಲ್ ಅದೊಂದೇ. ಫಿಟ್ಟಿಂಗ್ ನೋಡಿಕೊಳ್ಳಲಿ ಅಂತ ಆ ಕಂಪನಿಯ ಎಂಜಿನಿಯರ್ ಸಹನಾ ಬಿಟ್ಟುಹೋಗಿದ್ದಳು. ಹಬ್ಬ ಮುಗಿದ ಮಾರನೇ ದಿನ ಬಂದು ನೋಡುತ್ತಾಳೆ. ಒಪ್ಪಿದರೆ ಆರ್ಡರ್ ಪಕ್ಕಾ. ಒಪ್ಪದಿದ್ದರೆ ಮಂಜು ವಾಪಸ್ ಮಿಕ್ಸಿ ಗುಂಡಿಗೆ.

ಮಂಜು ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆಯುತ್ತಿದ್ದ. ಅಮ್ಮ ಮಷಿನ್‌ಗಳ ಪೂಜೆ ಮುಗಿಸಿ ಟೇಬಲ್ಲಿನ ಕಡೆ ನೋಡಿದಳು. ಮಗನ ಹಳೇ ಆಯುಧ ಮರಳಿ ಬಂದಿದೆ. ಸುಮ್ಮನೆ ಬಿಟ್ಟಾಳೆಯೇ? ಪ್ರತಿಯೊಂದು ಗುಂಡಿಗೂ ಒಂದೊಂದು ಬೊಟ್ಟು ಇಟ್ಟಳು, ಧಾರಾಳವಾಗಿ.

ವಿಜಯದಶಮಿ ಬೆಳಿಗ್ಗೆ ಮಂಜು ಆನ್ ಮಾಡಿದ. ಸ್ಕ್ರೀನ್ ಬಂತು, ಅದರಲ್ಲಿ ಒಂದು ಪುಟ್ಟ ಬೊಂಬೆ ಬಂತು. ಹಾರುವ ಗುಂಡಿ ಒತ್ತಿದ. ಬೊಂಬೆ ಹಾರಿತು. ಹಾರುತ್ತಲೇ ಇತ್ತು. ಒಳಗೆ ಹೋದ ಗುಂಡಿ ಮೇಲೆ ಬರುತ್ತಿಲ್ಲ. ಆಗ ನನ್ನ ತಮ್ಮ ಏನು ಮಾಡಿದ ಅಂತೀರಿ? ಇಪ್ಪತ್ತೈದು ವರ್ಷದ ಅನುಭವ ಇರುವ ಮೋಲ್ಡಿಂಗ್ ಕಸುಬುದಾರ, ಎರಡೂ ಕೈಯಲ್ಲಿ ಹಿಡಿದು ಉಫ್ ಅಂತ ಊದಿದ.

ಹೊರಗಿದ್ದ ಕುಂಕುಮ ಒಳಗೆ ಹೋಯಿತು. ಸ್ಕ್ರೀನ್ ಆರಿತು. ನಮ್ಮ ತಲೆಮಾರಿನವರು ಮಾತ್ರ ಮಾಡಬಹುದಾದ ತಪ್ಪು ಅದು.

ಶೆಡ್ಡಿನ ಕೆಲಸಗಾರರೊಬ್ಬರು, ಬೋರ್ಡ್ ಕೆಟ್ಟಿದೆ ಅಂತ ಕಂಪನಿಯವರ ತಲೆಗೇ ಕಟ್ಟಿಬಿಡಿ ಅಂದರಂತೆ. ಮಂಜು ಒಪ್ಪಲಿಲ್ಲ. ಅಮ್ಮ ಕುಂಕುಮ ಇಟ್ಟಿದ್ದಕ್ಕೆ ಸುಳ್ಳು ಹೇಳಿ ಆರ್ಡರ್ ಉಳಿಸಿಕೊಳ್ಳುವುದು ಬೇಡ, ಹೋದರೆ ಹೋಗಲಿ ಅಂದ. ಹಾಗಂದವನು ಮಧ್ಯಾಹ್ನ ಹಬ್ಬದ ಹೋಳಿಗೆಯನ್ನು ಮುಟ್ಟಲೂ ಇಲ್ಲ. ಅದನ್ನು ನೋಡಿ ಅಮ್ಮ, ನಾಳೆ ಆ ಹುಡುಗಿಗೆ ತಾನೇ ಹೇಳುತ್ತೇನೆ ಅಂತ ಹಟ ಹಿಡಿದಳು. ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು.

ಸಹನಾ ಬಂದಳು. ಮಂಜು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಹೋದಳು.

"ನಾನೇ ಕಣವ್ವ ಅಚ್ಚಿದ್ದು. ಒಸಾದಲ್ವಾ, ದೃಷ್ಟಿ ಆಗ್ಬಾರ್ದು ಅಂತ. ನನ್ ಮಗಂದೇನೂ ತಪ್ಪಿಲ್ಲ."

ಹುಡುಗಿ ಬ್ಯಾಗಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಗೇಮ್ ಬಿಚ್ಚಿದಳು. ಗುಂಡಿಯ ಅಂಚಿನಿಂದ ಹಿಡಿದು ಬೋರ್ಡಿನವರೆಗೆ ಕೆಂಪು ಗೆರೆ, ಬೈತಲೆಗೆ ಇಟ್ಟ ಹಾಗೆ. ಅವಳು ಫೋಟೋ ತೆಗೆದುಕೊಂಡಳು. ಲ್ಯಾಪ್‌ಟಾಪ್ ತೆರೆದು ಡ್ರಾಯಿಂಗ್ ನೋಡಿದಳು. ಆಮೇಲೆ ಹೇಳಿದಳು.

"ಗುಂಡಿ ಸುತ್ತ ಗ್ಯಾಪ್ ನಮ್ಮ ಡ್ರಾಯಿಂಗಲ್ಲೇ ಜಾಸ್ತಿ ಇದೆ ಸಾರ್. ಕುಂಕುಮ ಹೋಗೋ ಕಡೆ ಚಿಪ್ಸ್ ಪುಡಿನೂ ಹೋಗುತ್ತೆ. ಇದು ಮಾಲೆಲ್ಲ ಅಂಗಡಿಗೆ ಹೋದ್ಮೇಲೆ ಗೊತ್ತಾಗಿದ್ರೆ ನಮ್ಮ ಕಥೆ ಮುಗೀತಿತ್ತು."

ಮಂಜುವಿನ ಮುಖಕ್ಕೆ ರಕ್ತ ಮರಳಿದ್ದನ್ನು ನಾನು ನೋಡಿದೆ. ಇಬ್ಬರೂ ಟೇಬಲ್ಲಿನ ಮೇಲೆ ಬಗ್ಗಿದರು. ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಒಳಗಡೆ ಒಂದು ಅಂಚು ಇರುತ್ತದಲ್ಲ, ಗುಂಡಿಯ ಕೆಳಗೂ ಹಾಗೆ ಕೊಟ್ಟರೆ ಹೇಗೆ ಅಂತ ಇವನು. ಕೊಡಬಹುದು, ಆದರೆ ಗುಂಡಿ ಹಗುರವಾಗಿ ಒತ್ತಬೇಕು ಅಂತ ಅವಳು. ಇವನು ಮೋಲ್ಡ್ ತಿದ್ದಿದ, ಅವಳು ಡ್ರಾಯಿಂಗ್ ತಿದ್ದಿದಳು. ದೀಪಾವಳಿಯ ಹೊತ್ತಿಗೆ ಎರಡನೇ ಸ್ಯಾಂಪಲ್ ಸಿದ್ಧವಾಯಿತು.

ನೋಡಲು ಬಂದ ಸಹನಾ ಅದನ್ನು ಮುಟ್ಟಲೇ ಇಲ್ಲ. ಅಮ್ಮ ಎಲ್ಲಿ ಅಂತ ಕೇಳಿದಳು.

ಅಮ್ಮನನ್ನು ಕರೆಸಿದ್ದಾಯಿತು. ಕುಂಕುಮದ ಭರಣಿಯ ಸಮೇತ. ಹೋದ ಸಲದಂತೆಯೇ ಹಚ್ಚಬೇಕು, ಕೈ ಬಿಗಿ ಹಿಡಿಯಬಾರದು ಅಂತ ಅಪ್ಪಣೆಯಾಯಿತು. ಅಮ್ಮ ಹಚ್ಚಿದಳು, ತೀರ್ಥ ಚಿಮುಕಿಸಿದಳು. ಒಣಗಿದ ಮೇಲೆ ಸಹನಾ ಮಂಜುವಿನ ಕಡೆ ತಿರುಗಿ, "ಈಗ ಊದಿ ಸಾರ್" ಅಂದಳು. ಅವನು ನಾಚಿಕೊಂಡೇ ಊದಿದ. ಬಿಚ್ಚಿ ನೋಡಿದರೆ ಒಳಗೆ ಒಂದು ಕಣ ಕುಂಕುಮವಿಲ್ಲ. ಮತ್ತೆ ಜೋಡಿಸಿ ಆನ್ ಮಾಡಿದರು. ಗುಂಡಿ ಒತ್ತಿದರೆ ಬೊಂಬೆ ಹಾರಿತು, ಬಿಟ್ಟರೆ ಇಳಿಯಿತು. ಆರ್ಡರ್ ಅಲ್ಲೇ ಪಕ್ಕಾ ಆಯಿತು.

ಆ ಕಂಪನಿಯಲ್ಲಿ ಈಗ ಹೊಸದೇನು ಮಾಡಿದರೂ ಇದೊಂದು ಪರೀಕ್ಷೆ ಆಗಲೇಬೇಕಂತೆ. ಹೆಸರು 'ಅಮ್ಮ ಟೆಸ್ಟ್'. ನನ್ನ ತಾಯಿ ಶಾಲೆಯಲ್ಲಿ ಒಂದು ಪರೀಕ್ಷೆಗೂ ಕೂತವಳಲ್ಲ. ಈಗ ಅವಳೇ ಒಂದು ಪರೀಕ್ಷೆ. ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಮಂಜು ಕೇಳಿಕೊಂಡಿದ್ದಕ್ಕೆ ಗೇಮಿನ ಒಳಮೈಯಲ್ಲಿ 'ಜಿಗಣಿ' ಅಂತ ಪುಟ್ಟದಾಗಿ ಕನ್ನಡದಲ್ಲಿ ಅಕ್ಷರ ಮೂಡಿಸಲು ಒಪ್ಪಿದ್ದಾರೆ. ಬಿಚ್ಚಿದವರಿಗೆ ಮಾತ್ರ ಕಾಣುತ್ತದೆ. (ಬಿಚ್ಚಬೇಡಿ, ವಾರಂಟಿ ಹೋಗುತ್ತದೆ. ನನ್ನ ಮಾತು ನಂಬಿ.)

ಆರ್ಡರ್ ಪಕ್ಕಾ ಆದ ದಿನ ಕಾಫಿ ಕುಡಿಯುತ್ತಾ ಸಹನಾ ಮುಂದಿನ ಕಾಲದ ಗೇಮುಗಳ ಬಗ್ಗೆ ಹೇಳಿದಳು. ಮನೆಯಲ್ಲಿ ಬಾಕ್ಸೇ ಇರುವುದಿಲ್ಲವಂತೆ. ಆಟ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಓಡುತ್ತದೆ. ಕನ್ನಡಕ ಹಾಕಿಕೊಂಡರೆ ಕಾಣುತ್ತದೆ, ಗಾಳಿಯಲ್ಲಿ ಬೆರಳು ಆಡಿಸಿದರೆ ಸಾಕು. ಆಮೇಲಾಮೇಲೆ ಕನ್ನಡಕವೂ ಬೇಡವಾಗಬಹುದು. ಮಂಜು ಲೋಟ ಕೆಳಗಿಟ್ಟ. ಗುಂಡಿಯೇ ಇಲ್ಲದ ಲೋಕದಲ್ಲಿ ಗುಂಡಿ ಮಾಡುವವನಿಗೆ ಏನು ಕೆಲಸ?

ಅಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಅವಳ ಚಿಂತೆ ಬೇರೆಯೇ.

"ಅಂಗಾದ್ರೆ ಕುಂಕುಮ ಎಲ್ಲಿಗವ್ವ ಅಚ್ಚೋದು?"

ಸಹನಾ ಟೇಬಲ್ಲಿನ ಮೇಲಿದ್ದ ಗೇಮ್ ಎತ್ತಿಕೊಂಡು, ಒಂದು ಗುಂಡಿಯನ್ನಾದರೂ ಉಳಿಸಿಕೊಳ್ಳಬೇಕು ಅಮ್ಮಾ, ಅಂದಳು. ಮಂಜು ಮತ್ತೆ ಲೋಟ ಎತ್ತಿಕೊಂಡ.

ಮುಂದಿನ ಮಷಿನ್ ಯಾವುದಾದರೂ ಬರಲಿ, ನಮ್ಮಮ್ಮನ ಬೆರಳಿಗೆ ಒಂದಿಷ್ಟು ಜಾಗ ಇಟ್ಟುಕೊಂಡು ಬರಲಿ.