ಹೆಸರು ಬರೆಯದ ಪ್ರವಾಸಿ

ಮೊನ್ನೆ ಟ್ರಂಕು ತೆಗೆದಾಗ ಒಣಗಿದ ಬೇವಿನೆಲೆಯ ವಾಸನೆ ಬಂತು. ಹುಳು ಹತ್ತದಿರಲೆಂದು ಪುಸ್ತಕದ ಪುಟಗಳ ನಡುವೆ ಬೇವಿನೆಲೆ ಇಡುತ್ತಿದ್ದ ಮಾಸ್ತರರು ನೆನಪಾದರು...

ರಾಯಚೂರಿನ ಕೋಟೆಯ ಮಗ್ಗುಲಿಗೇ ನಮ್ಮಣ್ಣನ ಮನೆ; ಪಕ್ಕದ ಮನೆ ಅವರದು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಮಾಸ್ತರರು ಉರ್ದು ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ನಾನು ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ್ದೆ.

ಹಿಂದೆ ವಿಜಯನಗರಕ್ಕೆ ಕುದುರೆ ಮಾರಲು ಬಂದಿದ್ದ ಪೋರ್ಚುಗೀಸನೊಬ್ಬ ಕಂಡದ್ದನ್ನೆಲ್ಲ ಬರೆದಿಟ್ಟಿದ್ದ. ಅದರ ಇಂಗ್ಲಿಷ್ ಅನುವಾದವನ್ನು ಮಾಸ್ತರರು ಕನ್ನಡಕ್ಕೆ ತರುತ್ತಿದ್ದರು. ಅವರ ಬಲಗೈ ನಡುಗುತ್ತಿತ್ತು. ನನ್ನ ಅಕ್ಷರ ದುಂಡಗಿದ್ದುದರಿಂದ ಮಧ್ಯಾಹ್ನ ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು. ಅವರ ಹೆಂಡತಿ ಪಕ್ಕದಲ್ಲೇ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ನಾನು ದಿನಾ ನೋಡುವ ಕೋಟೆಯ ಕಲ್ಲುಗಳನ್ನು ಕೃಷ್ಣರಾಯನ ಸೈನಿಕರು ಕಿತ್ತದ್ದು, ದಂಡಿನ ಬಿಡಾರದಲ್ಲೇ ದೊಡ್ಡ ಬಜಾರು ನೆರೆದದ್ದು... ಬರೆಯುವಷ್ಟು ಹೊತ್ತು ನನ್ನ ದುಃಖ ಮರೆತಿರುತ್ತಿತ್ತು.

ಒಂದು ದಿನ ಮಾಸ್ತರರು ಎರಡು ಪುಟ ಒಟ್ಟಿಗೇ ಮಗುಚಿದರು.

"ನಡುವಿಂದು ಬಿಟ್ರಲ್ರಿ?" ಎಂದೆ.

"ಅದು ಬ್ಯಾಡ ಬಿಡು ತಂಗೀ."

"ನನಗಾಗಿ ಬಿಡಬ್ಯಾಡ್ರಿ. ಓದ್ರಿ, ಬರೀತೀನಿ."

ಹೆಂಡತಿಯ ಕೈಯಲ್ಲಿನ ಮೊರ ನಿಂತಿತು. ಮಾಸ್ತರರು ತಗ್ಗಿದ ದನಿಯಲ್ಲಿ ಓದಿದರು. ಗಂಡ ಸತ್ತವಳನ್ನು ಹೂ ಮುಡಿಸಿ, ವಾದ್ಯ ಬಾರಿಸುತ್ತ ಚಿತೆಗೆ ಕರೆದೊಯ್ಯುತ್ತಿದ್ದುದನ್ನು ಆ ವ್ಯಾಪಾರಿ ಬರೆದಿದ್ದ. ನಾನು ಕೊನೆಯ ಅಕ್ಷರದವರೆಗೂ ಬರೆದೆ.

"ಆಕಿ ಹೆಸರು ಬರದಾನೇನ್ರಿ?"

"ಇಲ್ಲ ತಂಗೀ. ಕುದುರಿ ಬೆಲಿ ಬರದಾನ. ಆಕಿ ಹೆಸರಿಲ್ಲ."

ಅವರ ಕಣ್ಣು ತುಂಬಿತ್ತು. ಅದೇ ಸಂಜೆ ನಾನು ಬರೆದಿದ್ದ ವಹಿ ಹಿಡಿದು ನಮ್ಮ ಮನೆಗೆ ಬಂದರು. ಆ ಪುಟವನ್ನು ಅಣ್ಣನಿಗೆ ಓದಿಸಿ, "ಈಕಿನ್ನ ಪರೀಕ್ಷಾಕ ಕೂಡಸ್ರಿ. ಮಾನ್ವಿ ಹೆಣ್ಣುಮಕ್ಕಳ ಸಾಲಿಗೆ ಕಲಿಸವ್ರು ಬೇಕಾಗ್ಯಾರ" ಎಂದರು.

"ಮಂದಿ ಏನಂದಾರ್ರಿ ಮಾಸ್ತರ?"

"ಮಂದಿ ಆವಾಗೂ ನಿಂತು ನೋಡಿದ್ರು."

ಅಣ್ಣ ನಾಲ್ಕನೆಯ ದಿನ ತಾನೇ ಹೋಗಿ ಪರೀಕ್ಷೆಯ ಅರ್ಜಿ ತಂದ.

ನಾನು ಪಾಸಾಗಿ ಮಾನ್ವಿಗೆ ಹೋದೆ. ಅದೇ ವರ್ಷ ಮಾಸ್ತರರಿಗೆ ದೇವದುರ್ಗಕ್ಕೆ ಬದಲಿಯಾಯಿತು; ಬರೆದ ವಹಿಗಳೂ ಅವರೊಂದಿಗೆ ಹೋದವು. ಕಾಗದ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡೆ. ನೌಕರಿ ಖಾಯಂ ಆಗಲಿ, ಸಿಹಿ ಸುದ್ದಿಯೊಂದಿಗೇ ಬರೆದರಾಯಿತು ಎಂದು ತಡೆದೆ... ಖಾಯಂ ಹುಕುಂ ಕೈಗೆ ಬರುವ ಹೊತ್ತಿಗೆ ದೇವದುರ್ಗದಿಂದ ಅವರ ಸಾವಿನ ಸುದ್ದಿ ಬಂದಿತ್ತು. ನಿಜಾಮರ ಆಳ್ವಿಕೆ ಮುಗಿಯುತ್ತಿದ್ದ ಗಲಾಟೆಯ ದಿನಗಳವು; ಅವರ ಹೆಂಡತಿ ತವರಿಗೆ ಹೋದರು, ವಹಿಗಳು ಏನಾದವೋ ತಿಳಿಯಲಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿ ಕಲಿಸಿ ನಿವೃತ್ತಳಾಗಿ, ಈಗ ಮಾನ್ವಿಯಲ್ಲೇ ಇದ್ದೇನೆ. ನೂರಾರು ಹುಡುಗಿಯರಿಗೆ ಅವರವರ ಹೆಸರು ಬರೆಯಲು ಕಲಿಸಿದ್ದೇನೆ. ಆದರೆ ಮಾಸ್ತರರು ಹೇಳಿದ್ದನ್ನು ಅಷ್ಟೆಲ್ಲ ಬರೆದವಳು, ಅವರಿಗೆಂದು ಒಂದು ಸಾಲೂ ಬರೆದಿರಲಿಲ್ಲ. ಈಗ ಬರೆದಿದ್ದೇನೆ, ಓದಬೇಕಾದವರು ಇಲ್ಲ.